ಅವನೆದುರೇ, ಕನ್ನಡದಲ್ಲಿ

ಒಂದು ಸುಳ್ಳು ಹೇಳಿ, ಒಬ್ಬ ಮಗ ತನ್ನ ತಾಯಿಯ ಕೊನೆಗಾಲಕ್ಕೆ ಸಿಗದ ಹಾಗೆ ಮಾಡಿದವನು ನಾನು. ಆ ಸುಳ್ಳನ್ನು ಅವನ ಎದುರಿಗೇ ಹೇಳಿದೆ — ಕನ್ನಡದಲ್ಲಿ, ಅವನಿಗೆ ತಿಳಿಯದ ಹಾಗೆ.

ಅವನ ಹೆಸರು ಸಿರ್ವಾನ್. ಇರಾಕಿನ ಕುರ್ದಿಸ್ತಾನದವನು. ಆಗ ಗಲ್ಫಿನಲ್ಲಿ, ದುಖಾನ್ ಎಂಬ ಊರಿನ ಒಂದು ಗೋದಾಮಿನಲ್ಲಿ ನಾವಿಬ್ಬರೇ ಸ್ಟೋರ್‌ಕೀಪರುಗಳು. ಒಬ್ಬ ರಜೆ ಹೋದರೆ ಇನ್ನೊಬ್ಬ ಇರಲೇಬೇಕು. ಆ ವರ್ಷ ಅವನ ನಾಡಿನಲ್ಲಿ, ಸ್ವತಂತ್ರ ದೇಶ ಬೇಕೋ ಬೇಡವೋ ಎಂದು ಜನಮತ ಕೇಳುವುದಿತ್ತು. ಅದು ನಡೆಯುತ್ತದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನಡೆದೇ ನಡೆಯುತ್ತದೆ ಅನ್ನುವರು, ಸಂಜೆಗೆ ಮುಂದೂಡುತ್ತಾರಂತೆ ಅನ್ನುವರು. ಸಿರ್ವಾನ್ ಮೆಸ್ಸಿನ ಟಿವಿ ಬಿಟ್ಟು ಏಳುತ್ತಿರಲಿಲ್ಲ, ತಟ್ಟೆಯಲ್ಲಿ ಅನ್ನ ತಣ್ಣಗಾಗುತ್ತಿತ್ತು. ಊರಲ್ಲಿ ಅವನ ತಾಯಿಗೆ ಹೃದಯದ ಕಾಯಿಲೆ. ಮಗನ ತೋಳು ಹಿಡಿದು ಹೋಗಿ ಒಂದು ಓಟು ಹಾಕಿಯೇ ಸಾಯುತ್ತೇನೆ ಎಂದಿದ್ದರಂತೆ. ಈ ಓಟಿನ ಮಾತನ್ನು ಅವನು ನನಗೊಬ್ಬನಿಗೇ ಹೇಳಿದ್ದ. ರಜೆಯ ಅರ್ಜಿಯಲ್ಲಿ ತಾಯಿಗೆ ಹುಷಾರಿಲ್ಲ ಎಂದಷ್ಟೇ ಬರೆದಿದ್ದ.

ನನಗೂ ಅದೇ ವಾರ ರಜೆ ಬೇಕಿತ್ತು. ಯಾತಕ್ಕೆ? ಹೇಳಲು ನಾಚಿಕೆ — ಮಂಗಳೂರಿನ ದಸರಾಕ್ಕೆ, ಹುಲಿವೇಷ ನೋಡಲಿಕ್ಕೆ. ಅಷ್ಟೇ.

ಮ್ಯಾನೇಜರರು ಪುತ್ತೂರಿನ ಕಡೆಯವರು. ಇಬ್ಬರನ್ನೂ ಒಟ್ಟಿಗೆ ಕರೆದು ನನ್ನನ್ನು ಕೇಳಿದರು:

"ಇವನ ಅಮ್ಮನಿಗೆ ಹುಷಾರಿಲ್ವಂತೆ, ಹೌದಾ?"

"ಅಮ್ಮನಿಗೆ ಎಂತದೂ ಆಗ್ಲಿಲ್ಲ ಸರ್. ಓಟು ಹಾಕ್ಲಿಕ್ಕೆ ಹೋಗುವುದು. ಅದೂ ನಡೆಯುವುದು ಡೌಟು."

"ರಾಜಕೀಯ ಎಲ್ಲ ನಮಗೆ ಬೇಡ ಮಾರಾಯ. ನೀನೇ ಹೋಗಿ ಬಾ."

ಸಿರ್ವಾನ್ ಪಕ್ಕದಲ್ಲೇ ನಿಂತು ನನ್ನ ಮುಖ ನೋಡಿ ನಗುತ್ತಿದ್ದ. ನಾನು ತನ್ನ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ. ಹೊರಗೆ ಬಂದ ಮೇಲೆ, "ತುಂಬ ಕೇಳಿಕೊಂಡೆ, ಒಪ್ಪಲಿಲ್ಲ. ಹೇಗೂ ಮುಂದೂಡುತ್ತಾರಲ್ಲ, ಆಮೇಲೆ ಹೋಗು" ಎಂದೆ. ನಂಬಿದ. ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವನೂ ಅವನೇ. ಪೆಟ್ಟಿಗೆ ಇಳಿಸಿಕೊಟ್ಟು, "ನಿನ್ನ ಅಮ್ಮನ ಕೈಗೆ ನನ್ನದೂ ಒಂದು ಮುತ್ತು ಕೊಡು" ಎಂದ. ನಾನು ಕೊಡಲಿಲ್ಲ — ಯಾವ ಮುಖದಲ್ಲಿ...

ಮತದಾನವನ್ನು ಯಾರೂ ಮುಂದೂಡಲಿಲ್ಲ. ಅವನ ತಾಯಿ ನೆರೆಮನೆಯವರ ಕೈ ಹಿಡಿದು ಹೋಗಿ ಓಟು ಹಾಕಿ ಬಂದರಂತೆ. ಆ ಓಟಿನ ಸಿಟ್ಟಿಗೆ ಬಾಗ್ದಾದಿನ ಸರಕಾರ ಕೆಲವೇ ದಿನಕ್ಕೆ ಅಲ್ಲಿಗೆ ಹೊರದೇಶದ ವಿಮಾನಗಳನ್ನೆಲ್ಲ ನಿಲ್ಲಿಸಿತು. ನಾನು ಹುಲಿವೇಷ ನೋಡಿ, ಹಲ್ವದ ಡಬ್ಬ ಹಿಡಿದು ವಾಪಸು ಬಂದಾಗ ಅವನಿಗೆ ರಜೆಯಿತ್ತು, ದಾರಿಯಿರಲಿಲ್ಲ. ಬಾಗ್ದಾದಿನಲ್ಲಿ ಇಳಿದು ಅಲ್ಲಿಂದ ಬಸ್ಸಿನಲ್ಲಿ ಬರುತ್ತೇನೆ ಎಂದು ಮನೆಗೆ ಫೋನು ಮಾಡಿದ. ರಸ್ತೆಯಲ್ಲಿ ಏನಾಗುತ್ತದೋ, ಬೇಡ ಎಂದು ಮನೆಯವರೇ ತಡೆದರು. ಆ ತಿಂಗಳೇ ತಾಯಿ ಹೋದರು. ಅವರು ಓಟು ಹಾಕಿ ಕೇಳಿದ ದೇಶವೂ ಹುಟ್ಟಲಿಲ್ಲ.

ಅವನು ನನ್ನ ಹೆಗಲಿಗೆ ತಲೆಯಿಟ್ಟು ಅತ್ತ. "ನನಗಾಗಿ ಕೇಳಿದವನು ನೀನೊಬ್ಬನೇ" ಎಂದ. ನಾನು — ನಾನು ಅವನ ಬೆನ್ನು ಸವರುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಈಗ ಅವನು ದೋಹಾದ ಅಲ್ ಮುಂತಜಾದಲ್ಲಿ ಸಂಸಾರ ಹೂಡಿದ್ದಾನೆ. ನನ್ನನ್ನು ದೊಡ್ಡಪ್ಪ ಎಂದು ಕರೆಯಲು ಮಗಳಿಗೆ ಕಲಿಸಿದ್ದಾನೆ. ಆ ಮಗು ಹಾಗೆ ಕರೆದಾಗಲೆಲ್ಲ ಹೇಳಿಬಿಡಬೇಕು ಎನಿಸಿ — ಚಹಾ ಕುಡಿದು ಎದ್ದು ಬಂದಿದ್ದೇನೆ.

ಅದಕ್ಕೇ ಇದನ್ನು ಬರೆಯಲು ಕೂತದ್ದು. ಆದರೆ ಬರೆಯುತ್ತ ಬರೆಯುತ್ತ ತಿಳಿಯಿತು, ಇದೂ ಅದೇ ಕೆಲಸ. ಅಂದು ಅವನಿಗೆ ತಿಳಿಯದ ಭಾಷೆಯಲ್ಲಿ ದ್ರೋಹ. ಇಂದು ಅವನಿಗೆ ತಿಳಿಯದ ಭಾಷೆಯಲ್ಲಿ ಪಶ್ಚಾತ್ತಾಪ. ನನ್ನ ಎದೆ ಹಗುರವಾದರೆ ಅವನಿಗೇನು ಬಂತು?

ಈ ಶುಕ್ರವಾರ ಹೋಗುತ್ತೇನೆ. ನಮ್ಮಿಬ್ಬರ ನಡುವೆ ಇರುವುದು ಮುರುಕು ಅರಬ್ಬಿ. ನಾನು, ಸುಳ್ಳು, ನಿನ್ನ ತಾಯಿ — ಇಷ್ಟು ಪದ ನನಗೆ ಬರುತ್ತದೆ.