ಉಪ್ಪಲ್ಲಿನ ನಾಲ್ಕು ಪೋರ್ಷನ್

ಎದುರುಮನೆಯವರು ಮೇಲೊಂದು ಮಹಡಿ ಎಬ್ಬಿಸುತ್ತಿದ್ದಾರೆ. ನಿನ್ನೆ ಸ್ಲ್ಯಾಬು ಹಾಕಿದರು, ಇವತ್ತು ಬೆಳಿಗ್ಗೆಯಿಂದ ಅದಕ್ಕೆ ನೀರು ಕಟ್ಟಿದ್ದಾರೆ. ಹಸಿ ಸಿಮೆಂಟು ನೀರು ಕುಡಿಯುವಾಗ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರಬೇಕು. ಬಹಳ ಜನಕ್ಕೆ ಅದು ಗೃಹಪ್ರವೇಶದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಕೈಯಲ್ಲಿದ್ದ ಚಹ ಬಾಯಿಗೆ ಹೋಗುವುದಿಲ್ಲ. ಭೀಮರಾಯರು ನೆನಪಾಗುತ್ತಾರೆ.

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ. ನಾನು ಅಬಿಡ್ಸಿನ ಹತ್ತಿರ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ರಾಯಚೂರಿನಿಂದ ಬಂದು ಹತ್ತು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದೆ. ಈ ಊರಿನಲ್ಲಿ ಬಾಡಿಗೆ ಕೊಡುವವರು ಮತ್ತು ಬಾಡಿಗೆ ಪಡೆಯುವವರು ಎಂದು ಎರಡೇ ಜಾತಿ ಎಂಬುದು ನನ್ನ ಸಿದ್ಧಾಂತವಾಗಿತ್ತು. ಹೇಗಾದರೂ ಮಾಡಿ ಜಾತಿ ಬದಲಿಸಬೇಕು ಅಂತ ಹಟ ಹಿಡಿದೆ. ನೌಕರರ ಸೊಸೈಟಿಯಲ್ಲಿ ಸಾಲ ಎತ್ತಿದೆ, ಹಾಕಿದ್ದ ಚೀಟಿಯನ್ನು ಅವಧಿಗೆ ಮೊದಲೇ ಕೂಗಿ ಬಿಡಿಸಿಕೊಂಡೆ, ಹೆಂಡತಿಯ ಬಳೆಗಳನ್ನೂ ಬಿಡಲಿಲ್ಲ. ಉಪ್ಪಲ್ ಆಗ ಊರಾಚೆ. ಅಲ್ಲಿ ಸಾಲಾಗಿ ನಾಲ್ಕು ಪೋರ್ಷನ್ ಇದ್ದ ಹಳೆಯ ತಗಡಿನ ಮನೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ ಇದ್ದರೆ ಅದನ್ನು ಇಲ್ಲಿ ಪೋರ್ಷನ್ ಅನ್ನುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಬಾಡಿಗೆಗೆ ಕೊಟ್ಟು ನೋಡು ಅಂತ ಯಾಕೆ ಹೇಳಲಿಲ್ಲವೋ. ಬಹುಶಃ ಅವರ ಹತ್ತಿರ ಒಂದೇ ಮನೆ ಇತ್ತು. ನಾನಂತೂ ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡೇ ತಿರುಗತೊಡಗಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಗೋಡೆ ಬಡಿದು ನೋಡುತ್ತಿದ್ದೆ. ಗುಡಿಗೆ ಹೋದರೂ ಇವರು ಗರ್ಭಗುಡಿ ಎಷ್ಟು ಫೂಟು, ಎಷ್ಟು ಬಾಡಿಗೆ ಬಂದೀತು ಅಂತ ನೋಡುತ್ತಾರೆ ಎಂದು ನನ್ನಾಕೆ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆ ಅಂತ ಗಾದೆ ಇದೆ. ನನ್ನದು ಐಶ್ವರ್ಯವೂ ಅಲ್ಲ, ಸಾಲ.

ತಗಡು ತೆಗೆಸಿ ಸ್ಲ್ಯಾಬು ಹಾಕಿಸಿದ ಮರುದಿನ ಭೀಮರಾಯರು ಮಗಳು ಶಾಂತಾಳ ಜೊತೆ ಮನೆ ನೋಡಲು ಬಂದರು. ಕಲಬುರಗಿ ಕಡೆಯವರು, ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಮಗಳು ಶಾಲೆಯ ಟೀಚರು. ಮನೆಯಲ್ಲಿ ಇಬ್ಬರೇ. ರಾಯರು ಕೋಣೆ ನೋಡುವ ಮೊದಲು ಏಣಿ ಹತ್ತಿ ಸ್ಲ್ಯಾಬು ನೋಡಿದರು. ನೀರು ಸಾಲದು ಅಂತ ಅಲ್ಲಿಂದಲೇ ಗದರಿದರು. ಇನ್ನೂ ಮುಂಗಡ ಕೂಡ ಕೊಡದ ಆ ಮನುಷ್ಯ ಮಾರನೆಯ ದಿನದಿಂದ ಇಪ್ಪತ್ತೊಂದು ದಿನ, ಎರಡೂ ಹೊತ್ತು ಬಂದು, ಕೂಸಿಗೆ ಹಾಲು ಕುಡಿಸಿದ ಹಾಗೆ ನನ್ನ ಸ್ಲ್ಯಾಬಿಗೆ ನೀರು ಕುಡಿಸಿದರು. ಆಮೇಲೆ ಮೊದಲನೆಯ ಬಾಡಿಗೆದಾರರಾಗಿ ಒಳಗೆ ಬಂದರು.

ಉಳಿದ ಮೂರೂ ಪೋರ್ಷನ್ ಬೇಗನೆ ತುಂಬಿದವು. ರಾಯರ ಪಕ್ಕಕ್ಕೆ ಬಸ್ ಕಂಡಕ್ಟರ್ ಯಾದಗಿರಿ, ಅವನ ಹೆಂಡತಿ, ಮುದಿ ತಾಯಿ. ನಾಲ್ಕು ಬಾಡಿಗೆ ಬಂದರೆ ಸಾಲದ ಕಂತು ತೀರುತ್ತಿತ್ತು, ಮೂರು ಬಂದರೆ ಇಲ್ಲ. ಹಾಗಾಗಿ ನಾವು ಮಾತ್ರ ಊರೊಳಗೆ ಬಾಡಿಗೆ ಮನೆಯಲ್ಲೇ ಉಳಿದೆವು. ಐದು ವರ್ಷ ನಾಲ್ಕೂ ಬಂದವು.

ಆರನೆಯ ವರ್ಷ ರಾಯರು ಹಾಸಿಗೆ ಹಿಡಿದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರು ಕಳಿಸಿಬಿಟ್ಟರು. ಮೊದಲು ನನಗೂ ದುಃಖವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಚೇರಿಯಲ್ಲಿ ಒಬ್ಬ ಹಿತೈಷಿ, ಬಾಡಿಗೆ ಮನೆಯಲ್ಲಿ ಸಾವಾದರೆ ಇಲ್ಲಿಯ ಜನ ನಿಲ್ಲುವುದಿಲ್ಲ, ಧನಿಷ್ಠಾ ಪಂಚಕದಲ್ಲಿ ಹೋದರಂತೂ ಮನೆಗೇ ಬೀಗ ಅಂದ. ಧನಿಷ್ಠೆಯಿಂದ ಹಿಡಿದು ಐದು ನಕ್ಷತ್ರಗಳಲ್ಲಿ ಜೀವ ಹೋದರೆ ಮನೆ ತಿಂಗಳುಗಟ್ಟಲೆ ಖಾಲಿ ಬಿಡಬೇಕು ಎಂಬ ನಂಬಿಕೆ ನಮ್ಮಲ್ಲೂ ಉಂಟು, ತೆಲುಗರಲ್ಲೂ ಉಂಟು. ನಾನು ನಂಬುವವನಲ್ಲ. ಆದರೂ ಸಂಜೆ ಪಂಚಾಂಗ ಕೊಂಡು ತಂದೆ. ಗುರುವಾರ ಧನಿಷ್ಠೆ ಹತ್ತುತ್ತಿತ್ತು. ಬುಧವಾರದೊಳಗೆ ಆಗಿಹೋದರೆ ಚೆನ್ನಾಗಿತ್ತು ಎಂಬ ಮಾತು ನನ್ನ ತಲೆಯಲ್ಲಿ ಬಂದು ಕೂತಿತು. ಪಂಚಾಂಗ ಮುಚ್ಚಿಟ್ಟೆ. ನಾನು ಇಂಥವನೇ?

ಇಂಥವನೇ. ಸೋಮವಾರ ಸಂಜೆ ಮೂಸಂಬಿ ಹಣ್ಣು ಹಿಡಿದುಕೊಂಡು ರಾಯರ ಮನೆಗೆ ಹೋದೆ. ಮನೆ ಬಿಡಿ ಅನ್ನಲು ಬಾಯಿ ಬರಲಿಲ್ಲ. ನನ್ನ ಬಾಯಿಗೆ ಸಿಕ್ಕ ನೆಪ ನೋಡಿ: ಸ್ಲ್ಯಾಬು ಸೋರುವ ಹಾಗಿದೆ, ರಿಪೇರಿ ಮಾಡಿಸಬೇಕು, ಹತ್ತು ದಿನ ಬೇರೆ ಕಡೆ ಇದ್ದು ಬರಬೇಕು ಅಂದೆ. ಅದಕ್ಕೆ ನೀರು ಕುಡಿಸಿದವರ ಮುಂದೆಯೇ ಅಂದೆ. ಶಾಂತಾ ಅಡುಗೆಮನೆಯಿಂದ ಬಾಗಿಲಿಗೆ ಬಂದು ನಿಂತಳು.

ರಾಯರು ಅಂಗಾತ ಮಲಗಿ ಮೇಲೆಯೇ ನೋಡುತ್ತಿದ್ದರು. "ಮೂರು ತಿಂಗಳಾತು ಇದನ್ನ ನೋಡಕೋಂತ ಮಲಗೀನಿ. ಒಂದು ಕೂದಲಿನಷ್ಟ ಬಿರುಕಿಲ್ಲ. ಸ್ಲ್ಯಾಬು ಗಟ್ಟಿ ಐತ್ರಿ, ಮಾಲಕರ. ನಾ ಗಟ್ಟಿ ಇಲ್ಲ, ಅಷ್ಟ."

ಅವರು ದಮ್ಮು ತೆಗೆದುಕೊಂಡು ಮತ್ತೆ ಹೇಳಿದರು. "ಬುಧವಾರ ಹೋಗತೀವಿ. ಪಂಚಾಂಗ ನನಗೂ ಓದಾಕ ಬರತೈತಿ."

ಆಗಲಾದರೂ ಕಾಲು ಹಿಡಿದು ಬೇಡ ಅನ್ನಬಹುದಿತ್ತು. ನಾನು ಮಾಡಿದ್ದೇನೆಂದರೆ ಬುಧವಾರ ಆಟೋ ಕರೆತಂದು ನಿಲ್ಲಿಸಿದ್ದು.

ಕಾಚಿಗುಡದ ಕಡೆ ಒಂದು ಛತ್ರದಲ್ಲಿ ಜಾಗ ಸಿಕ್ಕಿತಂತೆ. ಅಲ್ಲಿಯವರೂ ಒಳಗೆ ಬಿಡದೆ ಪಡಸಾಲೆಯಲ್ಲಿ ಚಾಪೆ ಹಾಕಿಕೊಟ್ಟರಂತೆ. ಹನ್ನೊಂದನೆಯ ದಿನ ರಾಯರು ಅಲ್ಲೇ, ಹೋಗಿಬರುವ ಯಾತ್ರಿಕರ ನಡುವೆ ತೀರಿಕೊಂಡರು. ಸುದ್ದಿ ಕೇಳಿ ನಾನು ಮೊದಲು ಮಾಡಿದ ಕೆಲಸ ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ: ಪಂಚಾಂಗ ತೆಗೆದೆ. ಆ ದಿನದ ನಕ್ಷತ್ರ ಪಂಚಕದಲ್ಲೇ ಇರಲಿಲ್ಲ. ನನ್ನಾಕೆ ಪಂಚಾಂಗವನ್ನು ಕೈಯಿಂದ ಕಿತ್ತುಕೊಂಡು ಒಲೆಗೆ ಹಾಕಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಮರೆತುಬಿಡುತ್ತಿದ್ದೆನೇನೋ. ಮುಂದಿನ ಒಂದನೆಯ ತಾರೀಖು ಯಾದಗಿರಿ ಬಾಡಿಗೆಯ ಜೊತೆ ಬೀಗದ ಕೈಯನ್ನೂ ತಂದಿಟ್ಟ. ಮನೆಯಲ್ಲಿ ಸಾವೇ ಆಗಲಿಲ್ಲವಲ್ಲ, ಇನ್ನೇನು ಹೆದರಿಕೆ ಅಂತ ಕೇಳಿದೆ. ಅವನು ಹಿಂದಿಗೆ ತೆಲುಗು ಬೆರೆಸಿ, ಬಹಳ ಮರ್ಯಾದೆಯಿಂದಲೇ ಹೇಳಿದ. ಮುದುಕರು ಇಲ್ಲೇ ಹೋಗಿದ್ದರೆ ನಾವು ನಾಲ್ಕು ಜನ ಹೆಗಲು ಕೊಡಬೇಕು ಅಂತ ಮಾತಾಡಿಕೊಂಡಿದ್ದೆವು. ನಮ್ಮ ಅವ್ವನಿಗೂ ವಯಸ್ಸಾಗಿದೆ ಸಾಬ್. ಅವಳ ಕೊನೆಗಾಲಕ್ಕೆ ನಿಮ್ಮ ಸ್ಲ್ಯಾಬು ಸೋರುವುದು ಬೇಡ.

ಯಾರು ಓಡಿಹೋಗುತ್ತಾರೆ ಅಂತ ಆ ಪಾಪ ಕಟ್ಟಿಕೊಂಡೆನೋ ಅವರು ಸಾವಿಗೆ ಹೆದರಿರಲೇ ಇಲ್ಲ. ಹೆದರಿದ್ದು ನನಗೆ. ಎರಡು ತಿಂಗಳಲ್ಲಿ ನಾಲ್ಕೂ ಪೋರ್ಷನ್ ಖಾಲಿಯಾದವು. ಶಾಂತಾ ಎಲ್ಲಿ ಹೋದಳೋ, ಹುಡುಕಿಕೊಂಡು ಅವಳ ಶಾಲೆಗೆ ಹೋದಾಗ ವರ್ಗವಾಗಿದೆ ಅಂದರು.

ಆ ಮನೆಯನ್ನು ನಾನು ಮಾರಲಿಲ್ಲ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಬಂದು ಮುಂದಿನ ಪೋರ್ಷನ್ನಿನಲ್ಲೇ ಇದ್ದೇವೆ. ಇವತ್ತು ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗಲೇ ಕೊನೆಯ ಪೋರ್ಷನ್ನಿನ ಶ್ರೀನಿವಾಸ ಬಂದ. ಮಾದಾಪುರದಲ್ಲಿ ಕೆಲಸ ಮಾಡುವವನು, ಬಂದು ವರ್ಷವಾಗಿಲ್ಲ. ತಲೆ ತಗ್ಗಿಸಿ ನಿಂತು, ತಂದೆಯನ್ನು ಆಸ್ಪತ್ರೆಯಿಂದ ಕಳಿಸುತ್ತಿದ್ದಾರೆ, ಇನ್ನು ಹೆಚ್ಚು ದಿನ ಇಲ್ಲವಂತೆ, ಇಲ್ಲಿಗೆ ಕರೆತರಬಹುದೇ ಅಂತ ತೆಲುಗಿನಲ್ಲಿ ಕೇಳಿದ.

ನಾನು ಎದ್ದು ಅವನ ಬಾಗಿಲಿಗೆ ಹೋಗಿ ನೋಡಿದೆ. ಆ ಚೌಕಟ್ಟಿನಲ್ಲಿ ಸ್ಟ್ರೆಚರ್ ಹಿಡಿಸುವ ಹಾಗಿರಲಿಲ್ಲ. ಅದನ್ನೇ ಯೋಚಿಸುತ್ತ, ನಿಮ್ಮ ಪೋರ್ಷನ್ ಸ್ವಲ್ಪ ರಿಪೇರಿ ಮಾಡಿಸಬೇಕು ಅಂದೆ.

ಅವನ ಮುಖ ಬಿಳಿಚಿಕೊಂಡಿತು. "ಯಾವತ್ತು ಖಾಲಿ ಮಾಡಲಿ, ಸಾರ್?" ಅಂದ.

ಅದೇ ಬಾಯಿ, ಅದೇ ಮಾತು. ತಡವರಿಸುತ್ತ, ಬಾಗಿಲು ಅಗಲ ಮಾಡಿಸುವುದಕ್ಕಪ್ಪಾ, ನಿಮ್ಮ ತಂದೆ ಮಲಗಿದ ಹಾಗೇ ಒಳಗೆ ಬರಲಿ ಅಂತ, ನೀವು ಎಲ್ಲಿಗೂ ಹೋಗುವುದಿಲ್ಲ ಅಂದೆ. ಅವನು ಹೂಂ ಅಂದ, ಆದರೆ ನಂಬಲಿಲ್ಲ. ನಾನು ಕರೆದ ಎದುರುಮನೆಯ ಮೇಸ್ತ್ರಿ ಬಂದು ಚೌಕಟ್ಟಿಗೆ ಹಾರೆ ಹಾಕುವವರೆಗೂ ನನ್ನ ಮುಖವನ್ನೇ ನೋಡುತ್ತ ಅಲ್ಲೇ ನಿಂತಿದ್ದ. ನನ್ನ ಮಾತು ನಂಬದೆ ಅವನು ನಿಂತದ್ದೇ ಸರಿ ಅಂತ ನನಗೂ ಅನಿಸಿತು.