ಊರಿನ ಬಟ್ಟೆ ಊರಲ್ಲಿ ಮಾರದ ಆಪಾ

ಬಟ್ಟೆ ಹರಿದಿದೆಯೋ, ಬಣ್ಣ ಬಿಟ್ಟಿದೆಯೋ ಎಂದು ರಹಮತಬಿ ಆಪಾ ಮೊದಲು ನೋಡುತ್ತಿರಲಿಲ್ಲ. ಮಡಿಕೆಯ ಮೇಲೆ ಅಂಗೈ ಇಟ್ಟು, "ಇದು ಯಾವ ಊರಾಗ ತಿರುಗ್ಯಾದ?" ಎಂದು ಕೇಳುತ್ತಿದ್ದರು.

ವಾಡಿ ಸ್ಟೇಷನ್ನಿನ ಎದುರು ಅವರ ಹಳೇ ಬಟ್ಟೆಯ ದುಕಾನು. ಉಣ್ಣೆಯ ಕೋಟು, ಶೇರವಾನಿ, ಜರಿ ಅಂಚಿನ ಸೀರೆ, ಈಗ ಯಾರೂ ಹೊಲಿಯದ, ನೇಯದ ಮಾಲು. ತೊಂಬತ್ತರ ದಶಕದಲ್ಲಿ ಅವರ ಕಟ್ಟೆಯ ಮೇಲೆ ನನ್ನ ಹೊಲಿಗೆ ಮಷೀನು. ಐದನೇತ್ತಕ್ಕೆ ಸಾಲಿ ಬಿಟ್ಟವ ನಾನು. ಆದರೆ ನನ್ನ ಹೊಲಿಗೆ ಬಿಚ್ಚಿತೆಂದು ಇವತ್ತಿನ ತನಕ ಯಾರೂ ತಿರುಗಿ ತಂದಿಲ್ಲ. ರೈಲಿಗೆ, ಬಸ್ಸಿಗೆ ಕಾಯುವ ಸುತ್ತಲಿನ ಊರಿನ ಮಂದಿ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ತೀರಿಕೊಂಡವರ ಬಟ್ಟೆಗಳೇ ಹೆಚ್ಚು ಬರುತ್ತಿದ್ದವು. ಆಪಾಂದು ಒಂದೇ ಕಾಯದೆ: ಒಂದೂರಿನ ಬಟ್ಟೆ ಆ ಊರಿನವರಿಗೆ ಮಾರಬಾರದು. ಶಹಾಬಾದದ್ದು ಸೇಡಮಕ್ಕೆ, ಚಿತ್ತಾಪುರದ್ದು ಚಿಂಚೋಳಿಗೆ. "ಸಂತಿಗಿ ಹೋದ ಹೆಣ್ಣಮಗಳಿಗಿ ಸತ್ತ ಗಂಡನ ಅಂಗಿ ಎದುರ ಬಂದ್ರ, ಆಕಿ ಏನ್ ಮಾಡಬೇಕು ಬಸಣ್ಣ?" ಎಂದು ನನ್ನನ್ನು ಕೇಳುತ್ತಿದ್ದರು.

ಅಂಥ ಆಪಾ ಎದುರು ಒಂದು ದಿನ ಶಹಾಬಾದದ ಗಂಗಮ್ಮ ಬಂದು ನಿಂತಳು. ತೀರಿಕೊಂಡ ಗಂಡ ಎಡ ಹೆಗಲ ಮೇಲೆ ಹಾಸುಗಲ್ಲು ಹೊತ್ತು ದುಡಿದವ. ಅವನ ಕಂದು ಕೋಟನ್ನು ಹಿಂದಿನ ವರ್ಷ ಆಕೆಯೇ ಕೊಟ್ಟು ಹೋಗಿದ್ದಳು.

"ತಿರುಗಿ ಬ್ಯಾಡರಿ ಆಪಾ. ಯಾರರ ಹಾಕ್ಕೊಂಡಿದ್ರ, ಒಂದ್ಸಲ ನೋಡಬೇಕು ಅಷ್ಟ."

ಆಪಾ, ಅದನ್ನು ಕೊಂಡಿದ್ದ ಸೇಡಂ ಗಿರಾಕಿಗೆ ಕೋಟಿನ ಒಳಬಟ್ಟೆಯ ಅಸ್ತರಿ ಸರಿಮಾಡಿಕೊಡುತ್ತೇವೆ, ಹಾಕಿಕೊಂಡೇ ಬರ್ರಿ ಎಂದು ಹೇಳಿಕಳಿಸಿದರು. ಅವನು ಬಂದ ದಿನ ಗಂಗಮ್ಮನನ್ನೂ ಕರೆಸಿ, ಅವನನ್ನು ಎದುರಿನ ಹೋಟೆಲ್ಲಿನಲ್ಲಿ ಚಹಾಕ್ಕೆ ಕೂರಿಸಿದರು. ಗಂಗಮ್ಮ ನಮ್ಮ ದುಕಾನಿನೊಳಗೆ, ಸೀರೆಗಳ ಮರೆಯಲ್ಲಿ ನಿಂತು ಅವನ ಬೆನ್ನು ನೋಡಿದಳು.

"ಎಡಗಡಿ ಭುಜ ಇನ್ನಾ ಇಳ್ಯಾಕತ್ತದ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಶಹಾಬಾದದ ಗಾಡಿ ಹತ್ತಿದಳು. ಆ ಗಿರಾಕಿಗೆ ಇದೇನೂ ಗೊತ್ತಾಗಲಿಲ್ಲ. ಬಿಟ್ಟಿ ಅಸ್ತರಿ ಸಿಕ್ಕಿತೆಂದು ಖುಷಿಯಲ್ಲಿ ಹೋದ. ನಿಮ್ಮ ಕಾಯದೆ ಏನಾಯ್ತು ಆಪಾ ಎಂದು ನಾನು ಛೇಡಿಸಿದೆ.

"ಕಾಯದೆ ಅದ ಬಸಣ್ಣ. ಆದ್ರ ಕಣ್ಣಿಗಿ ಹಸಿವಿ ಆದ್ರ ಏನ್ ಮಾಡೋದು?"

ಅವರ ಹೆಗಲ ಮೇಲೆ ಯಾವಾಗಲೂ ಒಂದು ಹಸಿರು ಶಾಲು. ಅದರ ಮೂಲೆ ಹರಿದಾಗ ಹಸಿರು ದಾರ ತೀರಿತ್ತು. ಕರಿ ದಾರದಲ್ಲಿ ಹೆಣೆದುಕೊಟ್ಟೆ. "ಹಸರು ಹೊಲದಾಗ ಕಾಗಿ ಕುಂತಂಗ ಆಗ್ಯಾದ" ಎಂದು ಬಂದವರಿಗೆಲ್ಲ ತೋರಿಸಿ ನಕ್ಕರು. ಬಿಚ್ಚಿಕೊಡುತ್ತೇನೆಂದರೆ ಕೊಡಲೇ ಇಲ್ಲ.

ಎರಡು ಸಾವಿರದ ಇಸವಿಯ ಆಚೆ, ಒಂದು ಚಳಿಗಾಲ ಆಪಾ ತೀರಿಕೊಂಡರು. ಅವರ ಮಗಳು ಹೈದರಾಬಾದಿನಿಂದ ಬಂದು ದುಕಾನಿನ ಚಾವಿಯನ್ನೂ ಅಮ್ಮಿಯ ಬಟ್ಟೆಗಳನ್ನೂ ನನ್ನ ಕೈಗೆ ಇಟ್ಟಳು. ಶಾಲು ನಾನೇ ಇಟ್ಟುಕೊಳ್ಳಬಹುದಿತ್ತು. ಆದರೆ ವಾಡಿಯ ಬಟ್ಟೆ ವಾಡಿಯಲ್ಲಿ ಉಳಿಯಬಾರದು. ಚಿಂಚೋಳಿಯ ಹೆಣ್ಣುಮಗಳೊಬ್ಬಳು ಅದನ್ನು ಕೊಂಡು, ಹೊದ್ದುಕೊಂಡೇ ಕಟ್ಟೆ ಇಳಿದಳು. ಯಾರು, ಯಾವ ಓಣಿಯಾಕೆ, ನಾನು ಕೇಳಲಿಲ್ಲ.

ಚಿಂಚೋಳಿಯಲ್ಲಿ ನನಗೆ ಯಾವ ಕೆಲಸವೂ ಇಲ್ಲ. ಆದರೂ ಚಳಿ ಬಿತ್ತೆಂದರೆ ದುಕಾನು ಮುಚ್ಚಿ ಒಂದು ದಿನ ಹೋಗುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕೂತು, ಹೋಗಿ ಬರುವ ಹೆಣ್ಣುಮಕ್ಕಳ ಹೆಗಲ ಮೇಲೆ ಆ ಕಾಗೆಯನ್ನು ಹುಡುಕುತ್ತೇನೆ.