ನಿಲ್ಲಿಸದ ಗುಳಿಗೆ

ಕೊರೊನಾದ ಗದ್ದಲ ಅಡಗಿದ ಮೇಲಿನ ಮಾತು. ನಾನು ಆಗ ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ಫಿಜಿಶಿಯನ್, ಅಂದರೆ ಕತ್ತರಿ ಹಿಡಿಯದೆ ಗುಳಿಗೆಯಲ್ಲೇ ಗುದ್ದಾಡುವ ವೈದ್ಯೆ. ಶಹಾಪುರ ನನ್ನ ತವರು. ನಮ್ಮ ಸೀಮೆಯವರ ಮಾತು ಒರಟು ಎಂದು ದಕ್ಷಿಣದವರು ಹೇಳುತ್ತಾರೆ. ನನ್ನದು ಇನ್ನೂ ಒಂದು ತೂಕ ಹೆಚ್ಚು ಎಂದು ನಮ್ಮ ನರ್ಸ್‌ಗಳೇ ಹೇಳುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಸುಜಾತಾ ಬಂದಳು. ಸುರಪುರದ ಕಡೆಯ ಹಳ್ಳಿಯೊಂದರ ಅಂಗನವಾಡಿ ಟೀಚರ್, ವಯಸ್ಸು ಮೂವತ್ತಾರು. ಗಂಡ ಪರಶುರಾಮ ರಟ್ಟೆ ಹಿಡಿದು ಕರೆತಂದಿದ್ದ. ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಬಿಪಿ ನೋಡಿದೆ: 210/120. ಬೆರಳ ತುದಿಗಳು ನೀಲಿಗಟ್ಟಿದ್ದವು. ಮುಖದ ಚರ್ಮ ಎಳೆದು ಕಟ್ಟಿದಂತೆ ಬಿಗಿದು ಹೊಳೆಯುತ್ತಿತ್ತು, ಒಂದು ಸುಕ್ಕಿಲ್ಲ.

“ಊರಾಗಿನ ಹೆಣ್ಮಕ್ಕಳು ಏನು ಕ್ರೀಮ್ ಹಚ್ಚತಿ ಅಂತ ಕೇಳಾಕತ್ತಾರ್ರಿ,” ಎಂದಳು, ಆ ತಲೆನೋವಿನಲ್ಲೂ.

“ಕೈ ಮುಗಿ,” ಎಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ನಾ ಯಾರಿಗೂ ಕೈ ಮುಗಿಯಂಗಿಲ್ರಿ. ಬುದ್ಧಗ ಅಷ್ಟೇ.”

“ನನಗಲ್ಲವ್ವ. ಇದು ಪರೀಕ್ಷಾ.”

ಅಂಗೈಗಳನ್ನು ಜೋಡಿಸಿದಳು. ಬೆರಳುಗಳು ನೆಟ್ಟಗಾಗಲಿಲ್ಲ, ನಡುವೆ ಸಂದು ಉಳಿಯಿತು. ಮನೆಯಲ್ಲಿ ವಂದನೆ ಮಾಡುವಾಗ ಕೈ ಕೂಡುತ್ತಿಲ್ಲವೆಂಬುದು ಅವಳಿಗೆ ವರ್ಷದ ಹಿಂದೆಯೇ ಗೊತ್ತಾಗಿತ್ತು. ಕೆಲಸದ ಆಯಾಸವೆಂದು ಮೊದಮೊದಲು ಸುಮ್ಮನಿದ್ದಳು.

ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್. ದೇಹದ ಕಾವಲು ವ್ಯವಸ್ಥೆ ತನ್ನ ಮನೆಯವರ ಮೇಲೆಯೇ ತಿರುಗಿಬೀಳುತ್ತದೆ. ಚರ್ಮ, ರಕ್ತನಾಳ, ಶ್ವಾಸಕೋಶ, ಅನ್ನನಾಳ ಎಲ್ಲ ಗಟ್ಟಿಯಾಗುತ್ತ ಹೋಗುತ್ತವೆ. ಇದನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ಇಲ್ಲ. ಯಾವ ಅಂಗ ಕೆಡುತ್ತಿದೆಯೋ ಅದನ್ನು ಹಿಡಿದು ಚಿಕಿತ್ಸೆ ಮಾಡಬೇಕು. ಬೆರಳಿನ ರಕ್ತನಾಳ ಸಡಿಲಿಸಲು ಒಂದು, ಎದೆಯುರಿಗೆ ಒಂದು, ಚರ್ಮ ಮತ್ತು ಶ್ವಾಸಕೋಶಕ್ಕೆ ಮೈಕೋಫೆನೊಲೇಟ್ ಎಂಬ ಇನ್ನೊಂದು. ಸುಜಾತಾಳಲ್ಲಿ ಕೆಡುತ್ತಿದ್ದದ್ದು ಕಿಡ್ನಿ. ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, 2.4 ಇತ್ತು. ಒಂದಕ್ಕಿಂತ ಕೆಳಗಿರಬೇಕಾದದ್ದು.

“ಯಾವ ಔಷಧ ತಗೊಂಡಿ?” ಎಂದು ಕೇಳಿದೆ. ಪರಶುರಾಮ ಹೇಳಿದ: “ಹಳ್ಳಿಗೆ ಬರೋ ಒಬ್ರು ಸೂಜಿ ಮಾಡ್ತಿದ್ರರಿ. ಹೊಡಿಸಿದ ದಿನ ಕೈ ಹಗುರ ಆಗ್ತಿದ್ವು. ಮತ್ತ ಹೋಗ್ತಿದ್ವಿ.”

ನೋವು, ಬಾವು ತಟ್ಟನೆ ಇಳಿಸುವ ಸ್ಟಿರಾಯ್ಡೇ ಅದು. ತಿಂಗಳುಗಟ್ಟಲೆ. ಈ ಕಾಯಿಲೆಯಲ್ಲಿ ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಕಿಡ್ನಿಗೆ ಕಿಚ್ಚು ಹಚ್ಚಬಲ್ಲದು. ನನಗೆ ಬಂದ ಸಿಟ್ಟಿಗೆ ಆ ಮಹಾಶಯ ಎದುರಿಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಅಂದೇ ಎನಲಾಪ್ರಿಲ್ ಶುರು ಮಾಡಿದೆ. ಬಿಪಿಗೆ ಕೊಡುವ ಹಳೆಯ, ಅಗ್ಗದ ಗುಳಿಗೆ. ದಿನದಿನಕ್ಕೆ ಪ್ರಮಾಣ ಏರಿಸಿದೆ. ಬಿಪಿ ಇಳಿಯಿತು. ಕ್ರಿಯಾಟಿನಿನ್ ಮಾತ್ರ ಇಳಿಯಲಿಲ್ಲ, 3.8ಕ್ಕೆ ಹೋಯಿತು.

ಆಗ ನಮ್ಮ ಹಿರಿಯ ವೈದ್ಯರೊಬ್ಬರು ವಾರ್ಡಿಗೆ ಬಂದರು. ಒಳ್ಳೆಯವರು, ಓದಿಕೊಂಡವರು. “ಕಿಡ್ನಿ ಕೆಡುವಾಗ ಈ ಗುಳಿಗೆ ನಿಲ್ಲಿಸಬೇಕು ಅನ್ನೋದು ನಿಮಗೆ ಗೊತ್ತಿಲ್ಲವೇ?” ಎಂದರು.

ಗೊತ್ತಿತ್ತು. ಬೇರೆ ರೋಗಿಯಾಗಿದ್ದರೆ ನಾನೇ ನಿಲ್ಲಿಸುತ್ತಿದ್ದೆ. ಆದರೆ ಈ ಕಾಯಿಲೆಯಲ್ಲಿ ಬಿಗಿದ ಕಿಡ್ನಿಯೇ ಬಿಪಿ ಏರಿಸುವ ರಾಸಾಯನಿಕವನ್ನು ಹುಟ್ಟುಹಾಕುತ್ತದೆ, ಆ ಬಿಪಿ ಮತ್ತೆ ಕಿಡ್ನಿಯನ್ನೇ ತುಳಿಯುತ್ತದೆ. ಆ ಸರಪಳಿ ಕಡಿಯುವುದು ಈ ಗುಳಿಗೆ. ವರದಿ ಕೆಟ್ಟಿತೆಂದು ನಿಲ್ಲಿಸಿದರೆ ಕಿಡ್ನಿಯ ಜೊತೆ ಜೀವವೂ ಹೋಗಬಹುದು. ಪುಸ್ತಕ ತೆಗೆದು ಅವರ ಮುಂದಿಟ್ಟೆ.

“ಇದನ್ನು ನೀವು ಕಣ್ಣಾರೆ ಎಷ್ಟು ಸಲ ನೋಡಿದ್ದೀರಿ?”

“ಇದೇ ಮೊದಲು.”

“ಹೆಚ್ಚುಕಮ್ಮಿಯಾದರೆ ಯಾರ ತಲೆಗೆ?”

“ನನ್ನ ತಲೆಗೆ,” ಎಂದೆ. ಕೇಸ್ ಶೀಟಿನಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ. ಧೈರ್ಯವೆಂದು ಯಾರೂ ತಿಳಿಯಬೇಡಿ, ಆ ರಾತ್ರಿ ಎರಡು ಸಲ ವಾರ್ಡಿಗೆ ಹೋಗಿ ಅವಳ ಬಿಪಿ ನೋಡಿ ಬಂದೆ.

ಮರುದಿನ ಮೂತ್ರ ಇನ್ನೂ ಕಡಿಮೆಯಾಯಿತು. ಪರಶುರಾಮ ಬ್ಯಾಗು ಕಟ್ಟಿಕೊಂಡು ನಿಂತಿದ್ದ. “ಊರಿಗೆ ಒಯ್ತೀವ್ರಿ. ಆ ಸೂಜಿ ಹೊಡಿಸಿದಾಗ ಛಲೋ ಇದ್ಲು. ನಿಮ್ಮ ಗುಳಗಿ ತಗೊಂಡು ದಿನಾ ಕೆಡಾಕತ್ತದ.”

ಅವನ ಮೇಲೆ ಸಿಟ್ಟಾಗಲು ನನಗೆ ಹಕ್ಕಿರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಅದೇ. ನಾನು ಸುಜಾತಾಳ ಮಂಚದ ಮೇಲೆ ಕೂತು ಇದ್ದದ್ದನ್ನು ಇದ್ದಂಗೆ ಹೇಳಿದೆ: ವರದಿ ಇನ್ನೂ ಕೆಡಬಹುದು, ಡಯಾಲಿಸಿಸ್ ಬೇಕಾಗಬಹುದು, ಆದರೂ ಈ ಗುಳಿಗೆ ನಿಲ್ಲಿಸಬಾರದು.

“ಬದುಕ್ತೀನಿ ಅಂತ ಖಾತ್ರಿ ಕೊಡ್ತೀರೇನ್ರಿ?”

“ಇಲ್ಲ.”

ಅವಳು ಗಂಡನಿಗೆ ಹೇಳಿದಳು: “ಸೂಜಿಯವ ದಿನಾ ಖಾತ್ರಿ ಕೊಡ್ತಿದ್ದ. ಈಕಿ ಸುಳ್ಳ ಹೇಳಾಕತ್ತಿಲ್ಲ. ಬ್ಯಾಗ್ ಇಳಸು. ನಾ ಏಳಂಗಿಲ್ಲ.”

ಕ್ರಿಯಾಟಿನಿನ್ ಆರು ದಾಟಿತು. ಡಯಾಲಿಸಿಸ್ ಯಂತ್ರಕ್ಕೆ ಹಾಕಿದೆವು. ಯಂತ್ರದ ಮೇಲಿದ್ದಾಗಲೂ ಗುಳಿಗೆ ನಿಲ್ಲಿಸಲಿಲ್ಲ. ಮನೆಗೆ ಕಳಿಸಿದ ಮೇಲೆ ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಸುರಪುರದಿಂದ ಶಹಾಪುರ ಹಾಯ್ದು ಬಸ್ಸಿನಲ್ಲಿ ಬರುತ್ತಿದ್ದಳು, ಬ್ಯಾಗು ಹೊತ್ತು ಪರಶುರಾಮ ಹಿಂದೆ. ಬಿಪಿ ಹತೋಟಿಗೆ ಬಂದ ಮೇಲೆ ಮೈಕೋಫೆನೊಲೇಟ್ ಸೇರಿಸಿದೆ. “ನಿಮ್ಮ ಸುಜಾತಾ ಹೇಗಿದ್ದಾಳೆ?” ಎಂದು ಹಿರಿಯರು ಕೇಳಿದಾಗಲೆಲ್ಲ ನಾನು “ಗುಳಿಗೆ ತಗೊಳ್ತಿದ್ದಾಳೆ” ಎಂದಷ್ಟೇ ಹೇಳುತ್ತಿದ್ದೆ.

ಬೇಸಿಗೆ ಕಳೆದು ಮಳೆಗಾಲ ಹಿಡಿಯುವ ಹೊತ್ತಿಗೆ ಮೂತ್ರ ಹೆಚ್ಚತೊಡಗಿತು. ಡಯಾಲಿಸಿಸ್ ವಾರಕ್ಕೊಂದಾಯಿತು, ವರ್ಷ ತುಂಬುವಷ್ಟರಲ್ಲಿ ನಿಂತೇಹೋಯಿತು. ಕ್ರಿಯಾಟಿನಿನ್ 1.9ಕ್ಕೆ ಬಂದು ಕೂತಿತು. ಹಿರಿಯರು ಆ ವರದಿಯನ್ನು ಎರಡು ಸಲ ಓದಿದರು. “ನನ್ನ ಪಾಠದಲ್ಲಿ ಇದನ್ನೂ ಸೇರಿಸ್ತೀನಿ,” ಎಂದರು.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ನಿಯಮ ಬಹಳ ಜನರಿಗಾಗಿ ಬರೆದದ್ದು, ಎದುರಿಗೆ ಮಲಗಿದವಳು ಒಬ್ಬಳೇ. ಹಟ ಹಿಡಿಯುವುದಾದರೆ ಓದಿ ಹಿಡಿಯಬೇಕು, ರೋಗಿಗೆ ಸತ್ಯ ಹೇಳಿ ಹಿಡಿಯಬೇಕು. ಆಮೇಲೆ ಬಿಡಬಾರದು.

ಕಳೆದ ಚಳಿಗಾಲ ಅವಳು ತಪಾಸಣೆಗೆ ಬಂದಿದ್ದಳು. ಚಳಿಗೆ ಬೆರಳು ನೀಲಿಗಟ್ಟದಂತೆ ಉಣ್ಣೆಯ ಕೈಗವಸು ಹಾಕಿದ್ದಳು. ಅಂಗನವಾಡಿ ಮಕ್ಕಳು ಅವನ್ನು ನೋಡಿ ನಗುತ್ತಾರಂತೆ. ಗವಸು ತೆಗೆಸಿ, “ಕೈ ಮುಗಿ,” ಎಂದೆ.

ಜೋಡಿಸಿದಳು. ಚರ್ಮ ತುಸು ಮೆತ್ತಗಾಗಿತ್ತು, ಆದರೂ ನಡುವಿನ ಸಂದು ಇದ್ದೇ ಇತ್ತು.

“ಇನ್ನೂ ಕೂಡವಲ್ಲವು,” ಎಂದೆ, ಬೇಸರದಿಂದ.

“ಕೂಡದಿದ್ರ ಬಿಡ್ರಿ,” ಎಂದಳು ಸುಜಾತಾ, ಗವಸು ಏರಿಸಿಕೊಳ್ಳುತ್ತ. “ಉಚ್ಚಿ ಬರಾಕತ್ತದಲ್ಲ. ಬುದ್ಧ ಸಂದು ನೋಡಂಗಿಲ್ಲ. ಉಳಿದವರಿಗೆ ನಾ ಮುಗಿಯಂಗಿಲ್ಲ.”